ಮೂರು ಗಂಟಿನ ನೀರು

ಕಂಪ್ಲಿಯಿಂದ ಬಂದ ಪರಿಚಯದವರೊಬ್ಬರು ಮೊನ್ನೆ ಮಾತಿನ ನಡುವೆ, "ನಿಮ್ಮ ಕಾಲುವಿ ಕಚೇರಿ ಕಾಲದಾಗ ಹೊಳಿ ಮುಳುಗತಿದ್ನಲ್ರಿ, ಆ ಮುದುಕ ಹೋದ" ಎಂದರು. ಹದಿನೈದು ದಿನವಾಯಿತಂತೆ. ತೊಂಬತ್ತರ ಹತ್ತಿರ ವಯಸ್ಸು, ಮಲಗಿದಲ್ಲೇ ಪ್ರಾಣ ಹೋಯಿತಂತೆ. "ಪುಣ್ಯವಂತ ಬಿಡ್ರಿ" ಎಂದು ಅವರು ಚಹಾ ಮುಗಿಸಿ ಎದ್ದರು. ನಾನು ಅವರನ್ನು ಬಾಗಿಲವರೆಗೆ ಕಳಿಸಲೂ ಏಳಲಿಲ್ಲ.

ತೀರಿಹೋದ ಆ ಹಿರಿಯರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯಲು ಅಪ್ಪಣೆ ಕೇಳಿರಲಿಲ್ಲ, ಇನ್ನು ಕೇಳುವ ಹಾಗೂ ಇಲ್ಲ. ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಆಗ ನಾನು ಅವರನ್ನು 'ನೀನು' ಎನ್ನುತ್ತಿದ್ದೆ. ನನಗೆ ಇಪ್ಪತ್ತು ವರ್ಷ, ಅವರಿಗೆ ನಲವತ್ತೈದು. ನಾನು ಕಚೇರಿಯವನು, ಅವರು ಹೊಳೆಯವರು. ಮದ್ರಾಸ್ ಸರಕಾರದ ಆ ಕಾಲದಲ್ಲಿ ಏಕವಚನಕ್ಕೆ ಅಷ್ಟು ಸಾಕಾಗಿತ್ತು. ಈಗ 'ಅವರು' ಎಂದು ಬರೆಯುತ್ತಿದ್ದೇನೆ. ಇದರಿಂದ ಅವರಿಗೇನೂ ಬರುವುದಿಲ್ಲ ಎಂಬುದು ನನಗೆ ಗೊತ್ತಿದೆ.

ನನ್ನ ಊರು ಸೊಂಡೂರು ಸಂಸ್ಥಾನದ ಚೋರನೂರು. ನಮ್ಮ ಕಡೆ ನೀರೆಂದರೆ ಬಾವಿಯ ತಳದಲ್ಲಿ ಮಿನುಗುವ ತಟ್ಟೆಯಗಲದ ಬೆಳಕು. ಹೊಸಪೇಟೆಯಲ್ಲಿ ಹೈಸ್ಕೂಲು ಮುಗಿಸಿ ಕಾಲುವೆ ಕಚೇರಿಯಲ್ಲಿ ಹಂಗಾಮಿ ಗುಮಾಸ್ತನಾದೆ. ಹಂಪಿಯಿಂದ ಸ್ವಲ್ಪ ಮೇಲೆ ಹೊಳೆಗೆ ಅಡ್ಡಲಾಗಿ ರಾಯರ ಕಾಲದ ಕಲ್ಲಿನ ಒಡ್ಡು ಇತ್ತು. ಅದರ ಪಕ್ಕದ ತೂಬಿನಿಂದ ಕಾಲುವೆಗೆ ನೀರು ಹೋಗುತ್ತಿತ್ತು. ದಿನಾ ಬೆಳಿಗ್ಗೆ ಅಲ್ಲಿಗೆ ನಡೆದು ಹೋಗಿ ನೀರಿನ ಮಟ್ಟ ಬರೆದುಕೊಂಡು ಬರುವುದು ನನ್ನ ಕೆಲಸ. ನನಗೆ ಈಜು ಬರುತ್ತಿರಲಿಲ್ಲ. ಈಗಲೂ ಬರುವುದಿಲ್ಲ.

ತೂಬಿನ ಹಲಗೆ ಸಿಕ್ಕಿಕೊಂಡರೆ, ಬಾಯಿಗೆ ಕಸಕಡ್ಡಿ ಮೆತ್ತಿಕೊಂಡರೆ ಅವರಿಗೆ ಕರೆ ಹೋಗುತ್ತಿತ್ತು. ಉಳಿದ ದಿನ ಹರಿಗೋಲು ಹಾಕುತ್ತಿದ್ದರು, ಮೀನು ಹಿಡಿಯುತ್ತಿದ್ದರು. ಹೊಳೆಯಲ್ಲಿ ಕೊಡ ಹೋದರೆ, ಒಡವೆ ಬಿದ್ದರೆ, ಮನುಷ್ಯರೇ ಮುಳುಗಿದರೆ ಹಂಪಿಯಿಂದ ಕಂಪ್ಲಿಯವರೆಗೆ ಜನ ಅವರ ಮನೆ ಹುಡುಕಿಕೊಂಡು ಬರುತ್ತಿದ್ದರು. ಕುಳ್ಳಗಿನ ಆಳು, ಎದೆ ಮಾತ್ರ ಡೋಲಿನಂತೆ. ಹತ್ತಿರ ಬಂದರೆ ಹರಳೆಣ್ಣೆಯ ವಾಸನೆ. ಮುಳುಗುವ ಮುಂಚೆ ಕಿವಿಗೆ ಬಿಟ್ಟುಕೊಳ್ಳುತ್ತಿದ್ದರು. ಆಮೇಲೆ ದಂಡೆಯ ಮೇಲೆ ಕುಕ್ಕರಗಾಲಲ್ಲಿ ಕೂತು ಎರಡೂ ಅಂಗೈಯಿಂದ ಕಣ್ಣು ಮುಚ್ಚಿಕೊಂಡು ಒಂದು ಎಲೆಅಡಿಕೆ ಮೆಲ್ಲುವಷ್ಟು ಹೊತ್ತು ಸುಮ್ಮನಿರುತ್ತಿದ್ದರು. ಮೊದಲ ಸಲ ನೋಡಿದಾಗ ದೇವರನ್ನು ನೆನೆಯುತ್ತಿದ್ದಾರೆ ಎಂದುಕೊಂಡೆ.

"ದೇವ್ರೇನಿಲ್ರಿ ಗುಮಾಸ್ತ್ರ, ಕತ್ತಲ ಕೂಡಿಸಿಕೊಳ್ಳಾಕತ್ತೀನಿ" ಎಂದರು. "ಬಿಸಿಲಾಗಿಂದ ಸೀದಾ ಇಳಿದ್ರ ಕೆಳಗ ಕಣ್ಣು ಕುರುಡ. ಇಲ್ಲೇ ಒಂದಿಷ್ಟು ಕತ್ತಲ ತುಂಬಿಕೊಂಡು ಹೋದ್ರ ಅಲ್ಲಿ ಇದ್ದಷ್ಟು ಬೆಳಕು ಸಾಕಾಗತೈತಿ."

ಹೊಳೆಯ ಒಳಗಿನ ಬೆಳಕು ವರ್ಷದುದ್ದಕ್ಕೂ ಒಂದೇ ಸಮ ಇರುವುದಿಲ್ಲ ಎಂದು ನನಗೆ ತಿಳಿದದ್ದು ಅವರಿಂದ. ನನಗೆ ನೀರು ಹೆಚ್ಚು ಅಥವಾ ಕಡಿಮೆ, ಅಷ್ಟೇ. ಅವರಿಗೆ ನಾಲ್ಕು ನೀರು. ಮೃಗಶಿರ ಮಳೆಗೆ ಮೇಲಿನ ಸೀಮೆಯಿಂದ ಬರುವುದು ಕೆಂಪುನೀರು. "ಕಣ್ಣು ತೆರದ್ರೂ ಅಷ್ಟ, ಮುಚ್ಚಿದ್ರೂ ಅಷ್ಟ" ಎನ್ನುತ್ತಿದ್ದರು. ದಸರೆಯ ಹೊತ್ತಿಗೆ ಕೆಂಪು ಕೆಳಗಿಳಿದು ಬೂದಿನೀರಾಗುತ್ತದೆ. ಚಾಚಿದ ಕೈ ಕಾಣುತ್ತದೆ, ಬೆರಳು ಎಣಿಸಲಾಗುವುದಿಲ್ಲ. ಕಾರ್ತಿಕದಿಂದ ತಿಳಿಯುತ್ತ ಬಂದು ಸಂಕ್ರಾಂತಿಗೆ ಪೂರಾ ತಿಳಿ. ಆಗ ನೀರಿನಡಿ ಬಿದ್ದಿರುವ ಕಂಬದ ಮೇಲೆ ಕೆತ್ತಿದ ಕುದುರೆಯ ಕಡಿವಾಣ ಕೂಡ ಕಾಣುತ್ತದಂತೆ. ಶಿವರಾತ್ರಿ ದಾಟಿ ಹರಿವು ನಿಂತರೆ ಹಸಿರುನೀರು. ಬೇಸಿಗೆಯಲ್ಲಿ ಬಿಸಿಲು ಹೆಚ್ಚು, ಹಾಗಾಗಿ ಒಳಗೂ ಚೆನ್ನಾಗಿ ಕಾಣಬೇಕಲ್ಲ ಎಂದು ನಾನು ಕೇಳಿದ್ದೆ.

"ಬೆಳಕು ಹೆಚ್ಚಾದ್ರ ಪಾಚಿಗೆ ಹಬ್ಬ ಆಗತೈತ್ರಿ, ನಮಗಲ್ಲ" ಎಂದರು. "ಬ್ಯಾಸಗ್ಯಾಗ ಎಮ್ಮಿ ಇಳಿಯೋಕಿಂತ ಮುಂಚೆ, ಮುಂಜಾನಿ ಇಳೀಬೇಕು. ಮಡುವಿನ್ಯಾಗಾದ್ರ ಮ್ಯಾಲೊಂದು ಹಸಿರು ದುಪ್ಪಟಿ, ಅದನ್ನ ಹರಕೊಂಡು ಕೆಳಗ ಹೋದ್ರ ತಣ್ಣಗ ತಿಳಿ. ಹೆದರಿ ಅರ್ಧಕ್ಕ ತಿರುಗಿದವ್ಗ ಹಸಿರಷ್ಟ ಗೊತ್ತು."

ಒಮ್ಮೆ ದಸರೆಯ ಸುಮಾರಿಗೆ ಹೊಸಪೇಟೆಯ ಅಕ್ಕಿ ಮಿಲ್ಲಿನವರ ಸೊಸೆಯ ಮೂಗುತಿ ಹಂಪಿಯ ಚಕ್ರತೀರ್ಥದಲ್ಲಿ ಬಿತ್ತು. ಗಂಡ ಮರುದಿನವೇ ಬಂದು ನಿಂತ. ಇವರು ಸಂಕ್ರಾಂತಿಗೆ ಬನ್ನಿರಿ ಎಂದರು.

"ಅಲ್ಲೀತನಕ ಅದು ಅಲ್ಲೇ ಇರತೈತೇನೋ?" ಎಂದ ಆತ.

"ಬಂಗಾರಕ್ಕ ಕಾಲಿಲ್ರಿ ಧಣಿ. ನೀರಿಗೆ ಕಾಲೈತಿ. ಅದು ಹೋಗಾವರೆಗೂ ತಡೀರಿ."

ಸಂಕ್ರಾಂತಿ ಕಳೆದ ಮೂರನೆಯ ದಿನ, ಮೂರನೆಯ ಮುಳುಗಿಗೆ ಮೂಗುತಿ ತಂದರು. ಆ ಹೆಣ್ಣುಮಗಳು ಅದನ್ನು ಕೈಯಲ್ಲಿ ಹಿಡಿದು, "ನಾಕು ತಿಂಗಳು ನಮ್ಮತ್ತಿ ಬಾಯಾಗ ಬಿದ್ದಿದ್ದೆನೋ ಯಣ್ಣಾ, ಹೊಳ್ಯಾಗ ಬಿದ್ದಿದ್ರ ಪಾಡಿತ್ತು" ಎಂದಳು. ಅವರು ನಕ್ಕದ್ದನ್ನು ನಾನು ನೋಡಿದ್ದು ಕಡಿಮೆ. ಅಂದು ಒದ್ದೆ ಪಂಚೆಯಲ್ಲಿ ನಡುಗುತ್ತ ನಕ್ಕರು.

ನಮ್ಮ ಓವರ್‌ಸಿಯರು ಮದ್ರಾಸಿನ ಬಂದರು ನೋಡಿ ಬಂದವರು. ಅಲ್ಲಿ ಸಮುದ್ರಕ್ಕೆ ಇಳಿಯುವವರು ತಲೆಗೆ ತಾಮ್ರದ ಕೊಡ ಹಾಕಿಕೊಂಡು, ಮುಖದ ಮುಂದೆ ಗಾಜು ಕೂರಿಸಿಕೊಂಡು, ಕೊಳವೆಯಿಂದ ಗಾಳಿ ಕುಡಿಯುತ್ತ ಇಳಿಯುತ್ತಾರೆ ಎಂದು ಒಂದು ದಿನ ವರ್ಣಿಸಿದರು. ಇವರು ಬೀಡಿ ಆರಿಸಿ ಪೂರ್ತಿ ಕೇಳಿದರು. ಕೊನೆಗೆ ಒಂದೇ ಪ್ರಶ್ನೆ: "ಆ ಗಾಜಿನ್ಯಾಗಿಂದ ನೋಡಿದ್ರ ಕೆಂಪುನೀರು ತಿಳಿ ಆಗತೈತೇನ್ರಿ?" ಇಲ್ಲ ಎಂದರು ಓವರ್‌ಸಿಯರು. "ಹಂಗಾರ ಕೊಡ ಹೊತ್ತಷ್ಟ ಬಂತಲ್ರಿ" ಎಂದು ಬೀಡಿಯನ್ನು ಮತ್ತೆ ಹಚ್ಚಿಕೊಂಡರು.

ನೀರು ಎಷ್ಟು ತಿಳಿಯಾಗಿದೆ ಎಂದು ಅವರು ಬಾಯಿಗೆ ಬಂದಂತೆ ಹೇಳುತ್ತಿರಲಿಲ್ಲ. ಅದಕ್ಕೊಂದು ಅಳತೆ ಇಟ್ಟುಕೊಂಡಿದ್ದರು. ಪುಂಡಿನಾರಿನ ಹಗ್ಗ, ಮೊಳಕ್ಕೊಂದು ಗಂಟು. ತುದಿಗೆ ಒಂದು ಕಲ್ಲು, ಕಲ್ಲಿನ ಮೇಲೆ ಬಿಗಿದ ಬಿಳಿ ಪಿಂಗಾಣಿ ತಟ್ಟೆಯ ಚೂರು. ಅದನ್ನು ಇಳಿಬಿಡುತ್ತ ಹೋಗಬೇಕು. ಬಿಳಿ ಮಾಯವಾದಾಗ ಎಷ್ಟು ಗಂಟು ನೀರಿನೊಳಗೆ ಹೋಗಿವೆಯೋ ಅಷ್ಟು ಗಂಟಿನ ನೀರು. ಸಂಕ್ರಾಂತಿಗೆ ಹತ್ತು ಗಂಟು ಹೋದದ್ದನ್ನು ನಾನೇ ಕಂಡಿದ್ದೇನೆ. ಎರಡು ಗಂಟಿಗಿಂತ ಕಡಿಮೆಯಾದರೆ ತೂಬಿನ ಬಾಯಿಗೆ ಯಾರೂ ಇಳಿಯಕೂಡದು. ಅದು ಅವರ ಅಪ್ಪನ ಕಾಲದ ಕಟ್ಟು. ಇನ್ನೊಂದು ಕಟ್ಟೂ ಇತ್ತು: ಮುಳುಗುವವನು ಅಳತೆ ನೋಡಬಾರದು, ಬೇರೆಯವರು ನೋಡಿ ಹೇಳಬೇಕು.

ಯಾಕೆ ಎಂದು ಕೇಳಿದ್ದೆ.

"ಮುಳುಗಾವಂದು ಆಸಿ ಕಣ್ಣು. ಇಳಿದ್ರ ಕೂಲಿ ಐತಿ, ನಾಕು ಮಂದಿ ಹೊಗಳಿಕಿ ಐತಿ. ಆಸಿ ಕಣ್ಣಿಗೆ ಒಂದು ಗಂಟು ಎರಡಾಗಿ ಕಾಣತೈತಿ. ದಂಡಿ ಮ್ಯಾಲಿನವಂಗ ಆಸಿ ಇರೂದಿಲ್ಲ."

ನಾನು ಕಚೇರಿಗೆ ಸೇರಿದ ಎರಡನೆಯ ವರ್ಷ ಅವರ ಕಣ್ಣಿಗೆ ಪೊರೆ ಬಂತು. ಹೊಳೆಯ ಮೇಲಿನ ಬಿಸಿಲು ತಿಂದ ಕಣ್ಣುಗಳು. ಬಳ್ಳಾರಿಯ ಆಸ್ಪತ್ರೆಗೆ ಹೋಗು ಎಂದರೆ, "ಹೊಳಿ ತಿಳಿಯಾಗಾಕ ನಾಕು ತಿಂಗಳ ತಡೀತೀನಿ, ಕಣ್ಣು ತಿಳಿಯಾಗಾಕ ತಡಿಯಾಕ ಆಗೂದಿಲ್ಲೇನು?" ಎಂದು ತೇಲಿಸಿದರು. ತಾವು ಮುಳುಗುವುದನ್ನು ಬಿಟ್ಟು ತಮ್ಮನನ್ನು ಇಳಿಸತೊಡಗಿದರು. ತಮ್ಮ ಮೂವತ್ತರವನು, ಮದುವೆಯಾಗಿ ಎರಡು ವರ್ಷ. ಅಣ್ಣ ಮಾತಿಗೆ ಎಷ್ಟು ಬಿಗಿಯೋ ಅವನು ಅಷ್ಟು ಸಡಿಲ. ಹಗ್ಗವನ್ನು ಅವರು ಈಗಲೂ ತಾವೇ ಇಳಿಬಿಡುತ್ತಿದ್ದರು, ಗಂಟುಗಳನ್ನು ಬೆರಳಲ್ಲಿ ಎಣಿಸುತ್ತಿದ್ದರು. ಬಿಳಿ ಮಾಯವಾಯಿತೋ ಇಲ್ಲವೋ ಎಂದು ನೋಡಿ ಹೇಳಲು ಅವರು ಆರಿಸಿಕೊಂಡದ್ದು ನನ್ನನ್ನು.

"ಆಳು ಮಂದಿ ಬ್ಯಾಡ. ಓವರ್‌ಸೀರ್ ಮುಂದ ನಿಂತ್ರ ಅವರಿಗೆ ಎಲ್ಲಾ ಕಾಣತೈತಿ. ನೀವು ಕಂಡದ್ದನ್ನ ಬರೆಯಾವ್ರು. ನೀವು ಹೇಳ್ರಿ" ಎಂದರು. ನನಗೆ ಹೆಮ್ಮೆಯಾಯಿತು. ಅದನ್ನು ಊರಿಗೆ ಹೋದಾಗ ತಾಯಿಯ ಮುಂದೆಯೂ ಹೇಳಿಕೊಂಡೆ.

ಆ ವರ್ಷ ರೋಹಿಣಿ ಮುಗಿದು ಮೃಗಶಿರ ಹುಟ್ಟಿದ ಮೂರನೆಯ ದಿನ ತೂಬಿನ ಬಾಯಿಗೆ ಒಂದು ಈಚಲ ಮರದ ಬೊಡ್ಡೆ ಬಂದು ಕಚ್ಚಿಕೊಂಡಿತು. ಹಲಗೆ ಅರ್ಧಕ್ಕೆ ನಿಂತಿತು, ಮುಚ್ಚಲಿಲ್ಲ. ಹಾಗೆಯೇ ಬಿಟ್ಟರೆ ಹೊಸ ನೀರು ಮಣ್ಣುಸಹಿತ ಕಾಲುವೆಗೆ ನುಗ್ಗಿ ಅದರ ಏರಿ ಒಡೆಯುತ್ತಿತ್ತು. ಆ ಭಯ ಸುಳ್ಳಲ್ಲ. ಆದರೆ ಓವರ್‌ಸಿಯರ ಭಯ ಬೇರೆ. ಮರುದಿನ ಬಳ್ಳಾರಿಯಿಂದ ದೊಡ್ಡ ಸಾಹೇಬರು ತಪಾಸಣೆಗೆ ಬರುವವರಿದ್ದರು. ಮಧ್ಯಾಹ್ನ ಒಡ್ಡಿನ ಮೇಲೆ ನಡೆಯುವಾಗ ಓವರ್‌ಸಿಯರು ನನ್ನ ಪಕ್ಕಕ್ಕೆ ಬಂದು, "ಸಂಜೆಯೊಳಗೆ ಹಲಗೆ ಇಳಿದಿರಬೇಕು. ನಿನ್ನ ಕಾಯಂ ಕಾಗದ ನಾಳೆ ಸಾಹೇಬರ ಮುಂದೆ ಇಡುವವನು ನಾನು. ಈ ಮುದುಕ ತನ್ನ ಹಗ್ಗ ಹಿಡಿದು ಕುಣಿಯೋದಕ್ಕೆ ಕೂತರೆ ಇಬ್ಬರದೂ ಕೆಲಸ ಕೆಡುತ್ತೆ" ಎಂದರು. ಸುಳ್ಳು ಹೇಳು ಎಂದು ಅವರು ಹೇಳಲಿಲ್ಲ. ಇದನ್ನು ನಾನು ಸ್ಪಷ್ಟವಾಗಿ ಬರೆಯಬೇಕು.

ಅವರ ತಮ್ಮ ಕಿವಿಗೆ ಎಣ್ಣೆ ಬಿಟ್ಟುಕೊಂಡು, ಕಣ್ಣು ಮುಚ್ಚಿಕೊಂಡು ದಂಡೆಯ ಮೇಲೆ ಕೂತಿದ್ದ. ಅವರು ಒಡ್ಡಿನ ಅಂಚಿನಲ್ಲಿ ಮಂಡಿಯೂರಿ ಹಗ್ಗ ಬಿಟ್ಟರು. ನಾನು ಬಗ್ಗಿ ನೋಡುತ್ತಿದ್ದೆ. ಮೊದಲನೆಯ ಗಂಟಿಗೇ ಬಿಳಿ ಮಸುಕಾಯಿತು. ಇನ್ನೂ ಅರ್ಧ ಮೊಳ ಇಳಿಯುವಷ್ಟರಲ್ಲಿ ಇಲ್ಲವಾಯಿತು. ಚಹಾದ ಬಣ್ಣದ ನೀರು.

"ಕಾಣತೈತೇನ್ರಿ?"

"ಕಾಣ್ತದ" ಎಂದೆ.

ಅವರ ಬೆರಳುಗಳಲ್ಲಿ ಎರಡನೆಯ ಗಂಟು ದಾಟಿತು.

"ಈಗ?"

"ಕಾಣ್ತದ."

ಮೂರನೆಯದು ನೀರಿಗೆ ಹೋದ ಮೇಲೆ "ಹೋತು" ಎಂದೆ. ಸರಿಯಾಗಿ ಎರಡಕ್ಕೇ ನಿಲ್ಲಿಸಬಹುದಿತ್ತು. ಅನುಮಾನ ಬರಬಾರದೆಂದು ಒಂದು ಹೆಚ್ಚು ಹೇಳಿದೆ.

ಅವರು ತಲೆಯೆತ್ತಿದರು. ಪೊರೆ ಕಟ್ಟಿದ ಕಣ್ಣು ನನ್ನ ಮುಖದ ಪಕ್ಕದಲ್ಲೆಲ್ಲೋ ನೋಡುತ್ತಿತ್ತು. "ಮೃಗಶಿರದಾಗ ಮೂರು ಗಂಟೇನ್ರಿ? ಸರಿ ನೋಡಿದ್ರಿ?"

"ನೋಡಿದೆ."

ಬೊಗಸೆಯಲ್ಲಿ ನೀರು ತೆಗೆದು ಮೂಸಿದರು. ಹೊಸ ನೀರಿಗೆ ಸುಟ್ಟ ಹುಲ್ಲಿನಂಥ ಒಂದು ವಾಸನೆ ಇರುತ್ತದೆ ಎಂದು ಅವರೇ ನನಗೆ ಹೇಳಿದ್ದರು. ಮತ್ತೊಮ್ಮೆ ಮೂಸಿದರು. "ಇಲ್ಲ ಅನಿಸತೈತಿ... ಮ್ಯಾಲೆ ಇನ್ನೂ ಮಳಿ ಹಿಡಿದಿಲ್ಲೇನೋ" ಎಂದು ತಮಗೆ ತಾವೇ ಹೇಳಿಕೊಂಡರು. ಹಿಂದೆ ನಿಂತಿದ್ದ ಓವರ್‌ಸಿಯರು ಗಂಟಲು ಸರಿಮಾಡಿಕೊಂಡರು.

"ಏನಣ್ಣಾ, ನನ್ನ ಮದಿವಿಗೆ ಹೆಣ್ಣು ನೋಡಾಕ ಹೋದಾಗೂ ಇಷ್ಟು ಮೂಸಲಿಲ್ಲ ನೀನು" ಎಂದ ತಮ್ಮ, ಅಂಗೈ ತೆಗೆಯದೆಯೇ. ಆಳುಗಳು ನಕ್ಕರು. ನಾನೂ ನಕ್ಕೆ.

ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಅವನು ಇಳಿದ. ಆ ಹಗ್ಗದ ಇನ್ನೊಂದು ತುದಿ ಅಣ್ಣನ ಕೈಯಲ್ಲಿ. ಬೊಡ್ಡೆಗೆ ಬೇರೊಂದು ಹಗ್ಗದ ಕುಣಿಕೆ ಹಾಕಿ ಅವನು ಮೇಲೆ ಬರಬೇಕು, ಆಳುಗಳು ಅದನ್ನು ಎಳೆಯಬೇಕು. ಒಂದು ಸಲ ಸೊಂಟದ ಹಗ್ಗ ಜಗ್ಗಿತು, ಅಂದರೆ ಬೊಡ್ಡೆ ಸಿಕ್ಕಿದೆ. ಆಮೇಲೆ ಹಗ್ಗ ಅಲ್ಲಾಡಲಿಲ್ಲ. ಕಣ್ಣು ಕಂಡಿದ್ದರೆ ಅವನು ಬೊಡ್ಡೆಯ ಹೊರಮಗ್ಗುಲಿಗೆ ಇರುತ್ತಿದ್ದ. ಕಾಣದೆ ತಡವುತ್ತ ಒಳಮಗ್ಗುಲಿಗೆ, ಸೆಳೆತದ ಕಡೆಗೆ ಹೋಗಿದ್ದ. ಅವರು ಜಗ್ಗಿದರು. ಹಗ್ಗ ಕಲ್ಲಿಗೆ ಕಟ್ಟಿದ ಹಾಗೆ ಬಿಗಿಯಾಗಿ ನಿಂತಿತು. ಎಲ್ಲರೂ ಸೇರಿ ಜಗ್ಗಿದರು. ನಾನೂ ಹಿಡಿದೆ. ನನ್ನ ಅಂಗೈ ಸುಲಿಯಿತು.

ಅವರು ಪಂಚೆ ಕಟ್ಟಿ ತಾವೇ ಇಳಿದರು. ಕತ್ತಲು ಕೂಡಿಸಿಕೊಳ್ಳಲಿಲ್ಲ, ಕಿವಿಗೆ ಎಣ್ಣೆ ಬಿಡಲಿಲ್ಲ. ಮೂರು ಸಲ ಹೋಗಿ ಬಂದರು. ಮೂರನೆಯ ಸಲ ಕಲ್ಲು ಹಿಡಿದುಕೊಂಡು ನನ್ನ ಕಡೆ ಮುಖ ಮಾಡಿ, "ಗುಮಾಸ್ತ್ರ, ನನಗೇನೂ ಕಾಣವಲ್ದು. ಕಣ್ಣು ಪೂರಾ ಹೋದ್ವು. ನೀವಾರ ನೋಡಿ ಹೇಳ್ರಿ, ಎಲ್ಲಿ ಅದಾನ ಹೇಳ್ರಿ" ಎಂದರು.

ಹೋದದ್ದು ಅವರ ಕಣ್ಣಲ್ಲ ಎಂದು ಗೊತ್ತಿದ್ದವನು ಆ ಒಡ್ಡಿನ ಮೇಲೆ ನಾನೊಬ್ಬನೇ. ಬಗ್ಗಿ ನೋಡಿದೆ. ಚಹಾದ ಬಣ್ಣದ ನೀರು, ಅದರಲ್ಲಿ ನನ್ನದೇ ಟೋಪಿ.

ಸಂಜೆಯ ಹೊತ್ತಿಗೆ ನಿಜವಾಗಿಯೂ ಹೊಸ ನೀರು ಬಂತು. ಇಟ್ಟಿಗೆ ಅರೆದು ಕಲಸಿದ ಹಾಗೆ ಕೆಂಪಗೆ, ನೊರೆ ಹೊತ್ತುಕೊಂಡು ಬಂದು ಮಟ್ಟದ ಕಲ್ಲನ್ನು ಮುಳುಗಿಸಿತು. ಅದರ ರಭಸಕ್ಕೆ ಬೊಡ್ಡೆ ತಾನಾಗಿಯೇ ಬಿಟ್ಟುಕೊಂಡಿತು, ಹಲಗೆ ಇಳಿಯಿತು. ಮೂರನೆಯ ದಿನ ತಮ್ಮನ ಹೆಣ ಕಂಪ್ಲಿಯ ಹತ್ತಿರ ಸಿಕ್ಕಿತು. ವರದಿ ಬರೆದವನು ನಾನು. 'ಅನಿರೀಕ್ಷಿತವಾಗಿ ಹೊಸ ನೀರು ಬಂದ ಕಾರಣ' ಎಂದು ಬರೆದೆ. ಅದರಲ್ಲಿ ಯಾವ ಮಾತೂ ಸುಳ್ಳಲ್ಲ, ನೀರು ಬಂದ ಹೊತ್ತು ಮಾತ್ರ ಬರೆದಿರಲಿಲ್ಲ. ಆ ವರ್ಷ ನನ್ನ ನೌಕರಿ ಕಾಯಂ ಆಯಿತು.

ಅವರು ನನ್ನನ್ನು ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಈಗ ಅದನ್ನೂ ನಂಬುವುದಿಲ್ಲ. ಅವರ ಲೆಕ್ಕಾಚಾರ ಬೇರೆಯಾಗಿತ್ತು. ಅಳತೆ ನೋಡಿದಾಗ ನೀರು ಮೂರು ಗಂಟು ತಿಳಿಯಿತ್ತು, ತಮ್ಮ ಇಳಿದ ಕೂಡಲೇ ಹೊಸ ನೀರಿನ ಮೊದಲ ಸೆರಗು ಬಂತು. ಅದರ ವಾಸನೆ ತಮಗೆ ಹತ್ತಬೇಕಿತ್ತು, ಹತ್ತಲಿಲ್ಲ. ಮೂಗು ಸತ್ತಿತ್ತು, ಆದ್ದರಿಂದ ತಮ್ಮನನ್ನು ಕೊಂದವನು ತಾನು. ಹೀಗೆಂದು ಅವರು ಊರ ಮುಂದೆ ಹೇಳಿ, ಹರಿಗೋಲನ್ನು ಯಾರಿಗೋ ಕೊಟ್ಟು, ಕಂಪ್ಲಿಗೆ ಹೋಗಿ ನೆಲೆನಿಂತರು. ಹೆಂಡತಿ ಮೊದಲೇ ತೀರಿಹೋಗಿದ್ದರು. ತಮ್ಮನ ಹೆಂಡತಿಯನ್ನು ಮಗಳಂತೆ ಕರೆದುಕೊಂಡು ಹೋದರು. ಅಲ್ಲಿ ಬಲೆ ಹೆಣೆದು ಬದುಕಿದರು. ಒಡವೆ ಕಳೆದುಕೊಂಡವರು, ಮಕ್ಕಳನ್ನು ಕಳೆದುಕೊಂಡವರು ಅಲ್ಲಿಗೂ ಹುಡುಕಿಕೊಂಡು ಹೋದರಂತೆ. ಇಳಿಯುವುದು ಬೇಡ, ನೀರು ಎಂದಿಗೆ ತಿಳಿಯಾಗುತ್ತದೆ ಅಷ್ಟನ್ನಾದರೂ ಹೇಳಪ್ಪಾ ಎಂದರೆ, "ನನ್ನ ಕೇಳಬ್ಯಾಡ್ರಿ, ನನಗ ಹೊಳಿ ಗೊತ್ತಿಲ್ಲ" ಎನ್ನುತ್ತಿದ್ದರಂತೆ. ಆ ಹೊಳೆಯನ್ನು ಅವರಷ್ಟು ಅರಿತವರು ಇರಲಿಲ್ಲ. ಅವರ ಬಾಯಿಂದ ಆ ಮಾತು ಬರುವಂತೆ ಮಾಡಿದವನು ನಾನು.

ಐದು ವರ್ಷ ತಡೆದೆ. ನನಗೆ ಮದುವೆಯಾಯಿತು, ಮಗುವಾಯಿತು. ಮಗುವಿಗೆ ನೀರು ಹಾಕುವಾಗ ಹೆಂಡತಿ "ಬಿಸಿ ಎಷ್ಟೈತಿ ನೋಡಿ ಹೇಳ್ರಿ" ಎಂದರೆ ನೀನೇ ಮುಟ್ಟಿ ನೋಡು ಎಂದು ಎದ್ದುಹೋಗುತ್ತಿದ್ದೆ. ಒಂದು ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ಕಂಪ್ಲಿಗೆ ಹೋದೆ.

ಅಂಗಳದಲ್ಲಿ ಕೂತು ಕಾಲ್ಬೆರಳಿಗೆ ದಾರ ಸಿಕ್ಕಿಸಿಕೊಂಡು ಬಲೆ ಹೆಣೆಯುತ್ತಿದ್ದರು. ಕಣ್ಣು ಪೂರ್ತಿ ಹೋಗಿದ್ದವು. ದನಿಯಿಂದಲೇ ಗುರುತು ಹಿಡಿದು, "ಗುಮಾಸ್ತ್ರ! ಬರ್ರಿ, ಕುಂದ್ರಿ" ಎಂದು ಚಾಪೆ ತಡವಿ ಸರಿಸಿದರು. ತಮ್ಮನ ಹೆಂಡತಿ ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದರು. ಆಕೆಯ ಎದುರಿಗೇ ಹೇಳಿದೆ. ಮೂರು ಗಂಟಲ್ಲ, ಒಂದೂವರೆ. ನಾನು ಸುಳ್ಳು ಹೇಳಿದೆ. ನೌಕರಿಗಾಗಿ ಹೇಳಿದೆ. ನಿನ್ನ ಮೂಗಿನ ತಪ್ಪಲ್ಲ, ನಿನ್ನ ಕಣ್ಣಿನದೂ ಅಲ್ಲ.

ಅವರ ಕೈ ಬಲೆಯ ಮೇಲೆ ನಿಂತಿತು. ಆಮೇಲೆ ನನ್ನ ಮಂಡಿಯನ್ನು ಹುಡುಕಿ ಅದರ ಮೇಲೆ ಕೈಯಿಟ್ಟರು.

"ನನ್ನ ಭಾರ ಹೊರಾಕ ಅಷ್ಟು ದೂರದಿಂದ ಬಂದ್ರೇನ್ರಿ?"

"ಭಾರ ಹೊರೋದಲ್ಲ. ನಾನು ಹೇಳ್ತಿರೋದು ಖರೆ."

"ನನಗ ತಿಳೀತೈತ್ರಿ. ಯಾರೋ ಹೇಳಿರಬೇಕು, ಮುದುಕ ಕೊರಗಾಕತ್ಯಾನಂತ. ನೀವು ಕರುಳಿದ್ದವ್ರು. ಅವತ್ತು ಹಗ್ಗ ಜಗ್ಗಿ ನಿಮ್ಮ ಕೈ ಸುಲಿದಿತ್ತು, ಆಳು ಮಂದಿ ಹೇಳ್ಯಾರ ನನಗ."

ನಾನು ಅಂಗಿಯೊಳಗಿನ ಲಿಂಗವನ್ನು ಮುಟ್ಟಿ, ಇದರಾಣೆಗೂ ನಾನು ಸುಳ್ಳು ಹೇಳಿದ್ದೆ ಎಂದೆ. ಅವರಿಗೆ ನಿಜವಾಗಿ ಸಿಟ್ಟು ಬಂತು. ಅವರ ಸಿಟ್ಟನ್ನು ನಾನು ನೋಡಿದ್ದು ಅದೊಂದೇ ಸಲ.

"ಆಣಿ ಇಡಬ್ಯಾಡ್ರಿ. ನನ್ನ ಸಮಾಧಾನಕ್ಕಂತ ಲಿಂಗ ಮುಟ್ಟಿ ಸುಳ್ಳಾಣಿ ಮಾಡ್ತೀರೇನು? ಹೆಂಡ್ರು ಮಕ್ಕಳು ಅದಾರ ನಿಮಗ. ತಗೀರಿ ಕೈ." ಮತ್ತೆ ದನಿ ಇಳಿಸಿದರು. "ನೀವು ಕಂಡದ್ದನ್ನ ಹೇಳಾವ್ರು, ಅದಕ್ಕ ನಿಮ್ಮನ್ನ ಕರೆದಿದ್ದೆ. ಮೂರು ಗಂಟಿತ್ತು. ನನ್ನ ಮೂಗಿಗೆ ಹತ್ತಲಿಲ್ಲ. ಅಷ್ಟ."

ಸುಳ್ಳನ್ನು ಅವರು ಒಂದೇ ಮಾತಿಗೆ ನಂಬಿದ್ದರು. ನಿಜಕ್ಕೆ ಆಣೆಯೂ ಸಾಲಲಿಲ್ಲ.

ಅವರು ಬಾಗಿಲ ಕಡೆ ತಿರುಗಿ, "ಕೇಳಿದೇನವಾ? ಇನ್ನೊಬ್ಬರ ತಪ್ಪು ತಮ್ಮ ಮ್ಯಾಲೆ ಹಾಕ್ಕೊಳ್ಳಾಕ ಬರೋ ಮಂದೀನೂ ಅದಾರ ನೋಡು. ರೊಟ್ಟಿ ಹಚ್ಚು, ಉಂಡು ಹೋಗ್ಲಿ" ಎಂದರು.

ಆಕೆ ಎದ್ದು ಒಳಗೆ ಹೋದರು. ತಾಟು ತಂದಿಟ್ಟರು. ರೊಟ್ಟಿ, ಪುಂಡಿಪಲ್ಯ. ನಾನು ಉಂಡೆ. ಉಣ್ಣುವಷ್ಟು ಹೊತ್ತೂ ಅವರು ಬಲೆ ಹೆಣೆಯುತ್ತ, ನನ್ನ ಮಗುವಿನ ಬಗ್ಗೆ ಕೇಳುತ್ತ, ಈಗ ಎಷ್ಟು ಸಂಬಳ ಎಂದು ವಿಚಾರಿಸುತ್ತ ಇದ್ದರು. ಹೊರಟಾಗ, "ಬಸ್ಸಿಗೆ ಅಡ್ಡದಾರಿ ಐತಿ, ತೋರಿಸಿ ಬಾರವಾ" ಎಂದು ಆಕೆಯನ್ನು ಕಳಿಸಿದರು.

ಆಕೆ ಓಣಿಯ ತಿರುವಿನವರೆಗೆ ಮುಂದೆ ನಡೆದರು. ತಿರುವಿನಲ್ಲಿ ನಿಂತರು.

"ನೀವು ಹೇಳಿದ್ದು ಖರೇನ್ರಿ?"

"ಖರೆ."

"ಅವರು ನಂಬೂದಿಲ್ಲ. ನಾ ನಂಬೀನಿ."

ಬೈಯಲಿ ಎಂದು ತಲೆ ತಗ್ಗಿಸಿ ನಿಂತೆ. ಆಕೆ ಬೈಯಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ಇನ್ನ ಈ ಕಡಿ ಬರಬ್ಯಾಡ್ರಿ. ನೀವು ಬಂದ್ರ ಅವರು ನಿಮ್ಮನ್ನ ದೊಡ್ಡ ಮನಷಾರು ಅಂತಾರ. ನಾನು ಅದನ್ನ ಕೇಳಿಕೋತ ನಿಮಗ ರೊಟ್ಟಿ ಹಾಕಬೇಕು. ನನಗ ಆಗೂದಿಲ್ಲ" ಎಂದರು.

ಮನೆಯ ಕಡೆಯಿಂದ ಅವರ ಕೂಗು ಕೇಳಿಸಿತು. "ಗುಮಾಸ್ತ್ರಿಗೆ ದಾರಿ ತೋರಿಸಿದೇನವಾ?"

"ತೋರಿಸೀನ್ರಿ ಭಾವಾ" ಎಂದು ಆಕೆ ಅಲ್ಲಿಂದಲೇ ಹೇಳಿ ತಿರುಗಿ ನಡೆದರು.

ಆಮೇಲೆ ನಾನು ಕಂಪ್ಲಿಗೆ ಹೋಗಲಿಲ್ಲ.